ಅಂಗಳದ ಅಡಿಕೆ, ಎರಡು ಪ್ರೋಗ್ರಾಮು

ಕೇಳುಗರಿಗೆ ನಮಸ್ಕಾರ. ತೀರ್ಥಹಳ್ಳಿ ಕಡೆ ಅಡಿಕೆ ಸುಲಿದು ಬೇಯ್ಸಿ ಹರವಿರೋ ಹೊತ್ತಲ್ಲಿ ಮೋಡ ಕಪ್ಪಾದ್ರೆ ಮನೆಮಂದಿ ಎಲ್ಲ ಹ್ಯಾಗೆ ಓಡ್ತಾರೆ ಅಂತ ನಿಮಗೇ ಗೊತ್ತು, ಎರಡು ಕಂಪ್ಯೂಟರ್ ಪ್ರೋಗ್ರಾಮು ನಿಜವಾಗ್ಲೂ ಒಂದೇನಾ ಅಂತ ತಿಳಿಯೋದು ಹ್ಯಾಗೆ ಅನ್ನೋ ಇವತ್ತಿನ ವಿಷ್ಯಾನ ಅಲ್ಲಿಂದಾನೇ ಹಿಡೀತೀನಿ.

ಕಂಪ್ಯೂಟರಿಗೆ ಒಂದು ನಿಯಮ ಬರೆದಿದ್ದೆ: ಮಳೆ ಅಂತ ಗೊತ್ತಿಲ್ದಿದ್ರೆ ಅಡಿಕೆ ಹರವು. ಅಷ್ಟೇ ಪ್ರೋಗ್ರಾಮು. ಮಳೆ ಸುದ್ದಿ ಎಲ್ಲೂ ಇಲ್ಲ, ಹಂಗಾಗಿ ಉತ್ತರ ‘ಹರವು’. ಷರತ್ತು ಯಾಕೆ ಬೇಕು ಅಂತ ಅಳಿಸಿ ಬರೀ ‘ಹರವು’ ಅಂತ ಇಟ್ಟೆ, ಉತ್ತರ ಅದೇ ಬಂತು, ಎರಡೂ ಒಂದೇ ಅಂದ್ಕೊಂಡೆ. ಆಮೇಲೆ ‘ಮಳೆ’ ಅಂತ ಒಂದು ಸಾಲು ಸೇರಿಸಿ ನೋಡ್ತೀನಿ, ಮೊದಲನೇದು ಹರವೋದು ಬಿಡ್ತು, ಎರಡನೇದು ಸುರಿಯೋ ಮಳೇಲೂ ಹರವು ಅಂತಾನೇ ಹೇಳ್ತಿತ್ತು ಮಾರಾಯ್ರೆ!

ಹಿಂಗೆ ನಿಯಮಗಳನ್ನೇ ಸಾಲಾಗಿ ಬರೆಯೋ ಪ್ರೋಗ್ರಾಮಿಗೆ ಲಾಜಿಕ್ ಪ್ರೋಗ್ರಾಮು ಅಂತಾರೆ. ಅದ್ರಲ್ಲಿ ‘ಇಲ್ಲ’ ಅಂದ್ರೆ ಸುಳ್ಳು ಅಂತಲ್ಲ, ಸಾಬೀತಾಗಿಲ್ಲ ಅಂತ. ಇಂಥ ಪ್ರೋಗ್ರಾಮಿನ ಉತ್ತರ ಯಾವುದು ಅನ್ನೋದಕ್ಕೆ ಗೆಲ್ಫಾಂಡ್ ಮತ್ತು ಲಿಫ್‌ಶಿಟ್ಸ್ ಅನ್ನೋ ಕಂಪ್ಯೂಟರ್ ವಿಜ್ಞಾನಿಗಳು 1988ರಲ್ಲಿ ಗಟ್ಟಿಯಾದ ಅರ್ಥ ಕೊಟ್ರು. ಎರಡು ಪ್ರೋಗ್ರಾಮು ನಿಜವಾಗ್ಲೂ ಒಂದೇ ಅನ್ಬೇಕಾದ್ರೆ, ಮುಂದೆ ಏನೇ ಸೇರಿಸಿದ್ರೂ ಎರಡರ ಉತ್ತರ ಒಂದೇ ಇರ್ಬೇಕು, ಅದಕ್ಕೆ ಸ್ಟ್ರಾಂಗ್ ಇಕ್ವಿವಲೆನ್ಸ್ ಅಂತಾರೆ. ಸೇರಿಸೋಕೆ ಲೆಕ್ಕವಿಲ್ಲದಷ್ಟು ಸಾಲಿದಾವಲ್ಲ, ಎಲ್ಲಾನೂ ಪರೀಕ್ಷೆ ಮಾಡೋದು ಹ್ಯಾಗೆ? 2001ರಲ್ಲಿ ಲಿಫ್‌ಶಿಟ್ಸ್, ಪಿಯರ್ಸ್, ವಾಲ್ವರ್ಡೆ ಮೂವರೂ ಸೇರಿ ದಾರಿ ತೋರ್ಸಿದ್ರು, ಅದಕ್ಕೆ ಬಳಸಿದ್ದು ಡಚ್ ಗಣಿತಜ್ಞ ಹೇಟಿಂಗರ 1930ರ ತರ್ಕ. ನನಗಂತೂ ಇದು ತುಂಬಾ ಚಂದ ಕಾಣ್ಸತ್ತೆ.

ಆ ತರ್ಕದ ಕೆಲಸ ಹಿಂಗೆ. ಎರಡು ಚೀಟಿ ಇಟ್ಕೊಳ್ಳಿ, ಒಂದ್ರಲ್ಲಿ ಪಕ್ಕಾ ಸಾಬೀತಾದದ್ದು, ಇನ್ನೊಂದ್ರಲ್ಲಿ ಇರಬಹುದು ಅಂತ ಊಹಿಸಿದ್ದು. ಪಕ್ಕಾ ಚೀಟೀಲಿರೋದೆಲ್ಲ ಊಹೆ ಚೀಟೀಲೂ ಇರ್ಬೇಕು. ಮಳೆ, ಹರವು, ಎರಡೇ ಮಾತಾದ್ರೆ ಒಟ್ಟು 9 ಜೋಡಿ ಚೀಟಿ. ಷರತ್ತಿರೋ ನಿಯಮ ಒಂದು ಜೋಡಿಗೆ ಒಪ್ಬೇಕಾದ್ರೆ, ಊಹೆ ಚೀಟೀಲಿ ‘ಮಳೆ’ ಇಲ್ದಿದ್ರೆ ಪಕ್ಕಾ ಚೀಟೀಲಿ ‘ಹರವು’ ಇರ್ಬೇಕು; ಬರೀ ‘ಹರವು’ ಒಪ್ಬೇಕಾದ್ರೆ ಅದು ಪಕ್ಕಾ ಚೀಟೀಲಿ ಇರ್ಲೇಬೇಕು. ಕೂತು ಲೆಕ್ಕ ಹಾಕಿದೆ, ಷರತ್ತಿರೋ ನಿಯಮ 7 ಜೋಡಿಗೆ ಒಪ್ತು, ಬರೀ ‘ಹರವು’ 3ಕ್ಕೆ ಮಾತ್ರ. ಒಪ್ಪೋ ಜೋಡಿಗಳು ಒಂದೇ ಇದ್ರಷ್ಟೇ ಪ್ರೋಗ್ರಾಮು ಒಂದೇ. ಮಾತು ಒಂದು ಜಾಸ್ತಿ ಆದಂಗೂ ಜೋಡಿ ಮೂರ್ಪಟ್ಟಾಗತ್ತೆ, 10 ಮಾತಿಗೇ 59,049, ಹಂಗಾಗಿ ದೊಡ್ಡ ಪ್ರೋಗ್ರಾಮಿಗೆ ಕೈಲೆಕ್ಕ ಸಾಗಲ್ಲ, ಷರತ್ತುಗಳೆಲ್ಲ ಒಟ್ಟಿಗೆ ಹೊಂದೋ ಹಂಗೆ ಹೌದು-ಅಲ್ಲ ಜೋಡಿಸೋಕಾಗತ್ತಾ ಅಂತ ಹುಡುಕೋ ಸ್ಯಾಟ್ ಸಾಲ್ವರ್ ಅನ್ನೋ ಸಾಫ್ಟ್‌ವೇರಿಗೆ ಕೊಡ್ತಾರೆ.

ಅಂದಹಾಗೆ ಎಲ್ಲಿ ತಪ್ಪಿದ್ದೆ ಅನ್ನೋದನ್ನ ಚೀಟಿಗಳೇ ತೋರ್ಸಿದ್ವು. ಊಹೆ ಚೀಟೀಲಿ ‘ಮಳೆ’ ಒಂದೇ, ಪಕ್ಕಾ ಚೀಟಿ ಖಾಲಿ: ಆ ಜೋಡಿಗೆ ಮೊದಲನೇದು ಹೂಂ ಅಂತು, ಎರಡನೇದು ಊಹೂಂ. ಅಳಿಸಿದ ಷರತ್ತನ್ನ ಅವತ್ತೇ ವಾಪಸ್ ಬರೆದೆ.