ನೆನಪಿನ ಬ್ರೇಕ್ ಸಡಿಲಿಸುವ ಔಷಧಗಳು

ಕೇಳುಗರಿಗೆ ನಮಸ್ಕಾರ.

ನರಕೋಶಗಳು ಮಾತಾಡಿಕೊಳ್ಳುವುದು ವಿದ್ಯುತ್ತಿನ ಮಿಡಿತಗಳಲ್ಲಿ. ಸೋಡಿಯಂ ಕೋಶದೊಳಗೆ ನುಗ್ಗಿದಾಗ ಮಿಡಿತ ಏಳುತ್ತದೆ, ಪೊಟ್ಯಾಸಿಯಂ ಹೊರಗೆ ಹರಿದಾಗ ಇಳಿಯುತ್ತದೆ. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು 1952ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರದಲ್ಲಿ ಇದನ್ನು ಅಳೆದು, ಲೆಕ್ಕ ಹಾಕಿ ತೋರಿಸಿದರು. ಪೊಟ್ಯಾಸಿಯಂ ಹೊರಹೋಗುವ ದಾರಿಗಳಿಗೆ ಪೊಟ್ಯಾಸಿಯಂ ಚಾನೆಲ್ ಅಂತ ಹೆಸರು. ನರಕೋಶಕ್ಕೆ ಇವು ಬ್ರೇಕ್ ಇದ್ದ ಹಾಗೆ.

ಈ ಬ್ರೇಕನ್ನು ಸ್ವಲ್ಪ ಸಡಿಲಿಸಿದರೆ ನೆನಪು ಚುರುಕಾಗಬೇಕಲ್ವಾ? ಇದು ಸುಮ್ನೆ ಹುಟ್ಟಿದ ಆಸೆಯಲ್ಲ. ಮೆದುಳೇ ಈ ಕೆಲಸ ಮಾಡುತ್ತದೆ. ಬ್ರೌನ್ ಮತ್ತು ಆಡಮ್ಸ್ 1980ರಲ್ಲಿ ಕಪ್ಪೆಯ ನರಕೋಶಗಳಲ್ಲಿ ನಿಧಾನವಾಗಿ ಹರಿಯುವ ಒಂದು ಪೊಟ್ಯಾಸಿಯಂ ಪ್ರವಾಹ ಕಂಡರು. ಅದಕ್ಕೆ ಎಂ-ಕರೆಂಟ್ ಎಂದು ಹೆಸರಾಯಿತು. ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಂದಾಗ ಆ ಪ್ರವಾಹ ನಿಲ್ಲುತ್ತದೆ, ಕೋಶ ಚುರುಕಾಗುತ್ತದೆ. ನೆನಪು ಅಳಿಸುತ್ತಾ ಹೋಗುವ ಆಲ್ಝೈಮರ್ ಕಾಯಿಲೆಯಲ್ಲಿ ಕಡಿಮೆಯಾಗುವುದು ಇದೇ ಅಸಿಟೈಲ್‌ಕೋಲಿನ್.

ಹಾಗಾಗಿ ಲಿನೋಪಿರ್ಡಿನ್ ಎಂಬ ಔಷಧದ ಮೇಲೆ ದೊಡ್ಡ ಭರವಸೆ ಇತ್ತು. ಅದು ಎಂ-ಕರೆಂಟನ್ನು ತಡೆಯುತ್ತದೆ, ಅಸಿಟೈಲ್‌ಕೋಲಿನ್ ಜಾಸ್ತಿ ಬಿಡುಗಡೆಯಾಗುವಂತೆ ಮಾಡುತ್ತದೆ. ಪ್ರಾಣಿಗಳಲ್ಲಿ ಫಲ ಕಂಡಿತು. ಆಲ್ಝೈಮರ್ ರೋಗಿಗಳಲ್ಲಿ ಮಾತ್ರ ಕಣ್ಣಿಗೆ ಕಾಣುವಂಥ ಸುಧಾರಣೆ ಸಿಗಲಿಲ್ಲ. ಜೇನುನೊಣದ ವಿಷದಲ್ಲಿರುವ ಅಪಮಿನ್ ಇನ್ನೊಂದು ಬಗೆಯ ಪೊಟ್ಯಾಸಿಯಂ ಚಾನೆಲನ್ನು ಮುಚ್ಚುತ್ತದೆ. ಇಲಿಗಳು ಅದರಿಂದ ಬೇಗ ಕಲಿತವು. ಆದರೆ ಕೆಲಸ ಮಾಡುವ ಪ್ರಮಾಣಕ್ಕೂ ಅಪಾಯದ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2011ರಲ್ಲಿ ಪ್ರಕಟವಾದ ಮಂಗಗಳ ಅಧ್ಯಯನ. ಒಂದು ವಿಷಯವನ್ನು ಕೆಲವು ಕ್ಷಣ ಮನಸ್ಸಿನಲ್ಲಿ ಹಿಡಿದಿಡುವಾಗ ಮೆದುಳಿನ ಮುಂಭಾಗದ ಕೆಲವು ಕೋಶಗಳು ಮಿಡಿಯುತ್ತಲೇ ಇರಬೇಕು. ಮುದಿ ಮಂಗಗಳಲ್ಲಿ ಆ ಮಿಡಿತ ಕುಗ್ಗಿತ್ತು. ಆ ಜಾಗಕ್ಕೇ ಎಂ-ಕರೆಂಟ್ ತಡೆಯುವ ಔಷಧ ಹನಿಸಿದಾಗ ಅದು ಮತ್ತೆ ಏರಿತು. ಅಂದರೆ ಮುಪ್ಪಿನ ಕೋಶಗಳು ಇನ್ನೂ ಕೆಲಸಕ್ಕೆ ಬರುತ್ತವೆ. ಎಂಥ ಒಳ್ಳೆಯ ಸುದ್ದಿ!

ತೊಡಕಿರುವುದು ಆ ಪುಟ್ಟ ಜಾಗದಾಚೆ. ನುಂಗಿದ ಮಾತ್ರೆ ಮೈಯೆಲ್ಲಾ ಹರಡುತ್ತದೆ. ಎಂ-ಕರೆಂಟಿನ ಜೀನ್‌ಗಳಲ್ಲಿ ದೋಷವಿದ್ದರೆ ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿಗೆ ಫಿಟ್ಸ್ ಬರಬಹುದು. ಇದೇ ಚಾನೆಲನ್ನು ತೆರೆಯುವ ರೆಟಿಗಾಬಿನ್ ಅನ್ನು ಫಿಟ್ಸ್ ತಡೆಯಲು ಕೊಡುತ್ತಿದ್ದರು. ಹೃದಯದ ಲಯ ಕಾಯುವುದೂ ಪೊಟ್ಯಾಸಿಯಂ ಚಾನೆಲ್‌ಗಳೇ. ತಪ್ಪು ಚಾನೆಲ್ ಮುಚ್ಚಿದರೆ ಬಡಿತ ದಿಕ್ಕೆಡುತ್ತದೆ.

ಪೊಟ್ಯಾಸಿಯಂ ಚಾನೆಲ್ ಮುಚ್ಚುವ ಇಂಥ ಔಷಧಗಳ ಪುಡಿಯನ್ನು ಆನ್‌ಲೈನ್‌ನಲ್ಲಿ ತರಿಸಿ, ಪರೀಕ್ಷೆಗೆ ಓದಲು ಅಂತ ನುಂಗುವವರ ಬಗ್ಗೆ ನನಗೆ ನಿಜಕ್ಕೂ ಆತಂಕ. ಇದೇ ಬಗೆಯ 4-ಅಮಿನೋಪಿರಿಡಿನ್ ಅನ್ನೇ ನೋಡಿ. ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರಗಳ ಕಾಯಿಲೆ ಇರುವವರ ನಡಿಗೆ ಸುಧಾರಿಸಲು 2010ರಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು. ಪ್ರಮಾಣ 10 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಅಷ್ಟೇ. ಹಿಂದೆ ಫಿಟ್ಸ್ ಬಂದವರಿಗೆ ಕೊಡುವಂತಿಲ್ಲ. ಔಷಧ ಹೊರಹೋಗುವುದು ಮೂತ್ರದಲ್ಲಿ, ಹಾಗಾಗಿ ಕಿಡ್ನಿಯನ್ನೂ ಪರೀಕ್ಷಿಸುತ್ತಾರೆ. ಮಾತ್ರೆಯನ್ನು ಮುರಿಯಲೂಬಾರದು. ನಿಧಾನವಾಗಿ ಕರಗಬೇಕಾದ ಔಷಧ ಒಮ್ಮೆಲೇ ರಕ್ತಕ್ಕೆ ಸೇರಿದರೆ ಫಿಟ್ಸ್ ಬರಬಹುದು.