ವಾದ ಯಾರ ಮುಂದೆ?

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಮಧ್ಯಸ್ಥಿಕೆಯ ಬಗ್ಗೆ, ಅಂದರೆ ಮಧ್ಯಸ್ಥಗಾರರೊಬ್ಬರ ನೆರವಿನಿಂದ ಎರಡೂ ಕಡೆಯವರು ಕೂತು ಮಾತಾಡಿ ರಾಜಿ ಮಾಡಿಕೊಳ್ಳುವ ಬಗ್ಗೆ. ಇದು ಹೆಚ್ಚಾಗಿ ವಕೀಲರಿಗೆ. ಆದರೆ ಕೇಸು ನಡೆಸುತ್ತಿರುವವರೂ ಕೇಳಿ, ನಿಮ್ಮ ಲಾಯರ್ ಹತ್ತಿರ ಏನು ಕೇಳಬೇಕು ಅಂತ ಗೊತ್ತಾಗುತ್ತದೆ.

ಕೋರ್ಟಿನಲ್ಲಿ ಪಳಗಿದ ಎಷ್ಟೋ ವಕೀಲರು ಮಧ್ಯಸ್ಥಿಕೆಗೆ ಬಂದು ಕೂತ ತಕ್ಷಣ ಮಧ್ಯಸ್ಥಗಾರರ ಕಡೆ ತಿರುಗಿ ವಾದ ಶುರು ಮಾಡುತ್ತಾರೆ. ಅಲ್ಲ ಸ್ವಾಮಿ, ಅವರು ನ್ಯಾಯಾಧೀಶರಲ್ಲ! ತೀರ್ಪು ಕೊಡುವುದು ಅವರ ಕೆಲಸವಲ್ಲ. ಹೂಂ ಅನ್ನಬೇಕಾದವರು ಮೇಜಿನ ಆ ಕಡೆ ಇದ್ದಾರೆ. ಅವರನ್ನೇ ಮೋಸಗಾರ ಅಂತ ಬೈದು, ಆಮೇಲೆ ಚೆಕ್ ಬರೆಯಿರಿ ಅಂದರೆ ಯಾರು ಬರೆಯುತ್ತಾರೆ? ಅವರ ಮುಖ ನೋಡಿ, ಮರ್ಯಾದೆಯಿಂದ ಮಾತಾಡಿ. ನಿಮ್ಮ ಪುರಾವೆ ಗಟ್ಟಿಯಾಗಿದ್ದರೆ ಅದನ್ನು ಮೆತ್ತಗೆ ಹೇಳಿದರೂ ನಾಟುತ್ತದೆ.

ಇದಕ್ಕಿಂತ ದೊಡ್ಡ ಕೆಲಸ ಇರುವುದು ಮಧ್ಯಸ್ಥಿಕೆಯ ದಿನಕ್ಕೆ ಮುಂಚೆ. ಕಕ್ಷಿದಾರರನ್ನು ಕೂರಿಸಿಕೊಂಡು, ರಾಜಿ ಆಗದಿದ್ದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಗೆದ್ದರೆ 100 ಸಿಗುತ್ತದೆ ಅನ್ನಿ, ಗೆಲ್ಲುವ ಸಾಧ್ಯತೆ ನೂರಕ್ಕೆ 60 ಅನ್ನಿ, ಅಲ್ಲಿಗೆ ಅದರ ಬೆಲೆ 60 ಆಯ್ತು, ಅದರಲ್ಲಿ ಇನ್ನು ಮುಂದೆ ಆಗುವ ಖರ್ಚು 15 ಕಳೆದರೆ ಉಳಿಯುವುದು 45. ಕಾಯುವ ಕಾಲ, ಅಪೀಲಿನ ಕಾಟ ಇದರಲ್ಲಿ ಸೇರಿಲ್ಲ. ಈ ಲೆಕ್ಕ ಮೊದಲೇ ನೋಡಿದವರಿಗೆ, ಎದುರಿನವರು 50 ಕೊಡುತ್ತೇನೆ ಅಂದಾಗ ಅವಮಾನ ಅನ್ನಿಸುವುದಿಲ್ಲ. ನೋಡದವರು ಎದ್ದು ಹೊರಟುಬಿಡುತ್ತಾರೆ. ಗೆದ್ದೇ ಗೆಲ್ಲುತ್ತೇವೆ ಅಂತ ಆಸೆ ಹುಟ್ಟಿಸಿದ ವಕೀಲರಿಗೆ ಈ ಲೆಕ್ಕ ಹೇಳುವುದು ಕಷ್ಟ, ಅದು ಬೇರೆ ವಿಷಯ.

ಹಾಗೇ, ನಿಮ್ಮ ಕಕ್ಷಿದಾರರಿಗೆ ನಿಜವಾಗಿ ಏನು ಬೇಕು ಅಂತ ಕೇಳಿ. ಕೆಲವರಿಗೆ ದುಡ್ಡಿಗಿಂತ ಒಂದು ಕ್ಷಮೆ ಜಾಸ್ತಿ. ಇನ್ನು ಕೆಲವರಿಗೆ ಕಂತಿನಲ್ಲಿ ಕೊಟ್ಟರೂ ಸರಿ, ವ್ಯವಹಾರ ಮುಂದುವರಿದರೆ ಸಾಕು. ಇವು ತೀರ್ಪಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ರಾಜಿಯಲ್ಲಿ ಸಿಗುತ್ತವೆ. ಆಮೇಲೆ, ಮಾತುಕತೆಯ ದಿನ ಕಕ್ಷಿದಾರರೂ ಮಾತಾಡಲಿ. ಅವರ ನೋವನ್ನು ಅವರೇ ಹೇಳಿದಾಗ ಎದುರಿನವರು ಕೇಳಿಸಿಕೊಳ್ಳುವ ರೀತಿಯೇ ಬೇರೆ. ಆಗ ನೀವು ಸುಮ್ನೆ ಕೂತಿರಿ.

ಮಧ್ಯಸ್ಥಗಾರರು ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕರೆಯುತ್ತಾರಲ್ವಾ, ಅಲ್ಲಿ ಕೇಸಿನ ಹುಳುಕನ್ನೂ ಹೇಳಿ. ಯಾವುದನ್ನು ಆ ಕಡೆಗೆ ತಿಳಿಸಬಹುದು, ಯಾವುದನ್ನು ಕೂಡದು ಅಂತ ಬಿಡಿಸಿ ಹೇಳಿ. ಕಂಪನಿಯ ಪರ ಬರುವುದಾದರೆ ಸಹಿ ಹಾಕುವ ಅಧಿಕಾರ ಇರುವವರನ್ನೇ ಕರೆತನ್ನಿ. ಸಂಜೆ ಹೊತ್ತಿಗೆ, "ಮೇಲಿನವರನ್ನು ಕೇಳಬೇಕು" ಅಂದರೆ ಇಡೀ ದಿನ ದಂಡ.

ಒಪ್ಪಿಗೆ ಆಯ್ತಾ? ಮನೆಗೆ ಹೋಗಬೇಡಿ, ಅಲ್ಲೇ ಬರೆಯಿರಿ. ಎಷ್ಟು ಹಣ, ಯಾವ ತಾರೀಕು, ಕೊಡದಿದ್ದರೆ ಏನು, ತೆರಿಗೆ ಯಾರದು, ಕೇಸು ಯಾವಾಗ ವಾಪಸ್. ಎರಡು ದೇಶಗಳ ನಡುವಿನ ವ್ಯಾಪಾರದ ಜಗಳವಾದರೆ, 2020ರ ಸೆಪ್ಟೆಂಬರ್ 12ರಂದು ಜಾರಿಗೆ ಬಂದ ವಿಶ್ವಸಂಸ್ಥೆಯ ಸಿಂಗಪುರ ಒಡಂಬಡಿಕೆ ನೆನಪಿರಲಿ. ಅದನ್ನು ಒಪ್ಪಿಕೊಂಡ ದೇಶಗಳಲ್ಲಿ ಇಂಥ ರಾಜಿಪತ್ರವನ್ನು ನೇರವಾಗಿ ಜಾರಿ ಮಾಡಿಸಲು ದಾರಿ ಇದೆ. ಆದರೆ ಅದು ಮಧ್ಯಸ್ಥಿಕೆಯಿಂದಲೇ ಬಂದ ರಾಜಿ ಅಂತ ತೋರಿಸಬೇಕಾಗುತ್ತದೆ. ಹಾಗಾಗಿ ಎರಡೂ ಕಡೆಯವರ ಸಹಿಯ ಕೆಳಗೆ ಮಧ್ಯಸ್ಥಗಾರರ ಸಹಿಯನ್ನೂ ಹಾಕಿಸಿಕೊಂಡೇ ಏಳಿ. ನಮಸ್ಕಾರ.