ಮೈನಸ್ ಬರೆಯಿರಿ, ಆಮೇಲೆ ಮುಂದಿನದು

ಕೇಳುಗರಿಗೆ ನಮಸ್ಕಾರ. ಇವತ್ತು ನಾನು ಹೇಳೋದು ಒಂದೇ ಒಂದು ಇಂಗ್ಲಿಷ್ ಪದದ ವಿಷಯ. ಮಿನಸ್ಕ್ಯೂಲ್. ತೀರಾ ಚಿಕ್ಕದು, ಸಾಸಿವೆ ಕಾಳಿನಷ್ಟು ಅಂತ ಅರ್ಥ. ಪಿಯುಸಿ ಓದೋ ಮಕ್ಕಳು ಪೆನ್ನು ಹಿಡ್ಕೊಳ್ಳಿ. ಎಂ, ಐ, ಎನ್ ಆದಮೇಲೆ ಯು. ಐ ಅಲ್ಲ, ಯು.

ಯಾಕೆ ಅಂತೀರಾ? ನೀವು ಲೆಕ್ಕದಲ್ಲಿ ದಿನಾ ಬರೆಯೋ ಮೈನಸ್ ಇದೆಯಲ್ಲ, ಅದು ಲ್ಯಾಟಿನ್ ಪದ. 'ಕಡಿಮೆ' ಅಂತ ಅರ್ಥ. ಅದಕ್ಕೆ 'ಕುಲುಸ್' ಅನ್ನೋ ಬಾಲ ಹಚ್ಚಿದರೆ 'ಮಿನುಸ್ಕುಲುಸ್', ಅಂದರೆ ಕೊಂಚ ಚಿಕ್ಕದು. ಕಿರುಬೆರಳು ಅನ್ನುವಾಗ ನಾವು 'ಕಿರು'ವನ್ನು ಮುಂದೆ ಇಡ್ತೀವಿ, ರೋಮನ್ನರು ಹಿಂದೆ ಇಡ್ತಿದ್ದರು. ಅಷ್ಟೇ ವ್ಯತ್ಯಾಸ.

ಎಪ್ಪತ್ತರ ದಶಕದಲ್ಲಿ, ಕಾಲೇಜು ಓದ್ತಾ, ನಾನು ಬಳೇಪೇಟೆ ಹತ್ತಿರದ ಒಂದು ಅಚ್ಚುಕೂಟದಲ್ಲಿ ಪ್ರೂಫ್ ನೋಡ್ತಿದ್ದೆ. ಅಲ್ಲಿ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸೋ ಹಿರಿಯರೊಬ್ಬರಿದ್ದರು. ಅವರೆದುರು ಮರದ ಎರಡು ಕೇಸು. ಮೇಲಿನದರಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಕೆಳಗಿನದರಲ್ಲಿ ಸಣ್ಣಕ್ಷರ. ಅಪ್ಪರ್ ಕೇಸ್, ಲೋಯರ್ ಕೇಸ್ ಅನ್ನೋ ಮಾತು ಹುಟ್ಟಿದ್ದೇ ಇಂಥ ಪೆಟ್ಟಿಗೆಗಳಿಂದ. ಒಂದು ದಿನ ಈ ಪದದ ಯು ಹೊಡೆದುಹಾಕಿ ಐ ಬರೆದುಕೊಟ್ಟೆ. ಅವರು ಮೊಳೆ ಕೀಳಲೇ ಇಲ್ಲ. ಮಸಿ ಹತ್ತಿದ ಬೆರಳನ್ನು ಲೇಖಕ ಮೇಷ್ಟ್ರ ಕೈಬರಹದ ಮೇಲಿಟ್ಟು, "ಮೇಷ್ಟ್ರು ಯು ಬರೆದವ್ರೆ ಸ್ವಾಮಿ, ಡಿಕ್ಷನರಿ ನೋಡ್ಕೊಂಡು ಬನ್ನಿ" ಅಂದರು. ನೋಡಿದೆ. ಯು ಇತ್ತು! ಜೊತೆಗೆ ಇನ್ನೊಂದು ಅರ್ಥವೂ ಇತ್ತು: ಸಣ್ಣಕ್ಷರ. ಅವರ ಕೆಳಗಿನ ಕೇಸಿನಲ್ಲಿ ತುಂಬಿದ್ದೇ ಮಿನಸ್ಕ್ಯೂಲ್! ಯುರೋಪಿನಲ್ಲಿ 800ರ ಆಸುಪಾಸು, ಶಾರ್ಲಮೇನ್ ದೊರೆಯ ಕಾಲದಲ್ಲಿ, ಮಠಗಳ ಲಿಪಿಕಾರರು ದುಂಡಗೆ ತಿದ್ದಿದ ಸಣ್ಣಕ್ಷರಗಳಿಗೂ ಇದೇ ಹೆಸರು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರದ ಗೊಡವೆಯೇ ಇಲ್ಲ, ಹಾಗಾಗಿ ನಮಗಿದು ತಟ್ಟನೆ ಹೊಳೆಯೋದಿಲ್ಲ.

ಐ ಬರೆಯೋ ಚಾಳಿಗೆ ಕಾರಣ ಮಿನಿ ಬಸ್ಸು, ಮಿನಿ ಊಟದ 'ಮಿನಿ'. ಅದರ ಮೂಲ ಮಿನಿಯೇಚರ್. ಮಿನಿಯೇಚರ್ ಬಂದದ್ದು 'ಮಿನಿಯಂ'ನಿಂದ, ಅಂದರೆ ಹಸ್ತಪ್ರತಿಗಳಿಗೆ ಬಳಿಯುತ್ತಿದ್ದ ಸೀಸದ ಕೆಂಪು ಬಣ್ಣ. ಬಣ್ಣದ ಹೆಸರು ರೀ ಅದು! ಆ ಪುಸ್ತಕಗಳ ಚಿತ್ರಗಳು ಪುಟ್ಟವಾಗಿದ್ದವು, ಪುಟ್ಟದು ಅನ್ನೋ ಅರ್ಥ ಆಮೇಲೆ ಅಂಟಿಕೊಂಡಿತು.

ಈಗ ಕೆಲವು ನಿಘಂಟುಗಳು ಐ ಇರೋ ರೂಪವನ್ನೂ ಸೇರಿಸಿಕೊಂಡಿವೆ. ನಾನಂತೂ ಒಪ್ಪೋದಿಲ್ಲ. ಮೊದಲು ಮೈನಸ್ ಪೂರ್ತಿ ಬರೆಯಿರಿ, ಆಮೇಲೆ ಸಿ, ಯು, ಎಲ್, ಇ. ನಮಸ್ಕಾರ.